ಚಂಡಬಾಹುವಿನ ಕೆಮ್ಮು

ಬಸವೇಶ್ವರನಗರದ ಕೃಷ್ಣಯ್ಯ ಮೇಷ್ಟ್ರ ಮೂಡಲಪಾಯ ಯಕ್ಷಗಾನ ಮಂಡಳಿಗೆ ಇಬ್ಬರು ವೈರಿಗಳಿದ್ದರು. ಒಂದು ಮಂಡಿನೋವು, ಇನ್ನೊಂದು ಜುಂಬಾ.

ಮಂಡಿನೋವು ಮೇಷ್ಟ್ರ ಸ್ವಂತದ್ದು. ಜುಂಬಾ ಬಡಾವಣೆಯದ್ದು. ಸಮುದಾಯ ಭವನದಲ್ಲಿ ಭಾನುವಾರ ಬೆಳಗ್ಗೆ ಮೇಷ್ಟ್ರು ಯಕ್ಷಗಾನ ಕಲಿಸುತ್ತಿದ್ದರು. ಈಗ ಅದೇ ಜಾಗ, ಅದೇ ಹೊತ್ತು ಜುಂಬಾದವರಿಗೂ ಬೇಕಾಗಿತ್ತು. ಜುಂಬಾ ಕಡೆ ಜನ ಹೆಚ್ಚು, ಸ್ಪೀಕರ್ ದೊಡ್ಡದು. ಅದು ಸಾಲದೆಂಬಂತೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಮೋಹನ್ ಕುಮಾರ್ ಅವರ ಹೆಂಡತಿ ಕುಸುಮಾ ಮೊದಲ ಸಾಲಿನಲ್ಲೇ ಕುಣಿಯುತ್ತಿದ್ದರು. ಹೀಗಾಗಿ ಸಂಘದಲ್ಲಿ ಅಭಿವೃದ್ಧಿಯೆಲ್ಲ ಜುಂಬಾಕ್ಕೆ, ಕ್ಷೇಮ ಕೇಳುವುದು ಮಾತ್ರ ಮೇಷ್ಟ್ರನ್ನು.

ಒಂದು ಸಂಜೆ ಮೋಹನ್ ಕುಮಾರ್ ಮೇಷ್ಟ್ರ ಮನೆಗೇ ಬಂದರು.

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಹೋದ್ ವರ್ಷ ನಿಮ್ ವಾರ್ಷಿಕೋತ್ಸವದಲ್ಲಿ ಕೊನೇವರ್ಗೂ ಉಳಿದಿದ್ದೋರು ಯಾರು ಹೇಳಿ? ನೀವು, ಮದ್ದಳೆಯೋರು, ಕುರ್ಚಿ ತಗೊಂಡ್ ಹೋಗಕ್ ಬಂದಿದ್ ಶಾಮಿಯಾನದೋರು."

"ಶಾಮಿಯಾನದೋರು ಪೂರ್ತಿ ನೋಡಿದ್ರು ಕಣ್ರೀ."

"ಅವ್ರು ನೋಡಿದ್ದು ವಾಚು. ಈ ಸಲ ಹಿಂಗ್ ಮಾಡೋಣ. ಕೊನೇಲಿ ಮಂಗಳ ಹಾಡೋವರ್ಗೂ ಅರ್ಧ ಹಾಲಾದ್ರೂ ಜನ ಕೂತಿದ್ರೆ ಭಾನುವಾರ ನಿಮ್ದೇ. ಕುರ್ಚಿ ಖಾಲಿ ಹೊಡೀತೋ, ಜುಂಬಾಗೆ ಬಿಟ್ಕೊಡಿ."

ಜುಂಬಾದ ಮುಂದೆ ಜಂಬ ನಡೆಯುವುದಿಲ್ಲ. ಮೇಷ್ಟ್ರು ತಲೆಯಾಡಿಸಿದರು. ಆದರೆ ಅವತ್ತು ಊಟ ಸೇರಲಿಲ್ಲ. ಅವರಿಗೆ ಬೇರೆ ಜಾಗವಿರಲಿಲ್ಲ. ಮನೆಯ ಮಹಡಿ ಮೇಲೆ ಕಲಿಸೋಣವೆಂದರೆ ಕೆಳಗಿನ ಪೋರ್ಷನ್ನಿನವರ ಕೂಸು ಮದ್ದಳೆಗೆ ಎದ್ದರೆ ಮತ್ತೆ ಮಲಗುತ್ತಿರಲಿಲ್ಲ. ತರಗತಿ ನಿಂತರೆ ಚಂಡಬಾಹು ತಮ್ಮ ಜೊತೆಗೇ ಮುಗಿದುಹೋಗುತ್ತಾನೆ ಅನ್ನುವುದು ಮೇಷ್ಟ್ರಿಗೆ ಗೊತ್ತಿತ್ತು.

ಚಂಡಬಾಹು ಅಂದರೆ ಮಂಡಳಿಯ ಏಕೈಕ ಪ್ರಸಂಗವಾದ 'ಚಂಡಬಾಹುವಿನ ಗರ್ವಭಂಗ'ದ ರಾಕ್ಷಸರಾಜ. ಪ್ರಸಂಗ ಕಟ್ಟಿದವರು ಮೇಷ್ಟ್ರ ಗುರುಗಳು. ಅದು ಎಲ್ಲೂ ಬರಹದಲ್ಲಿರಲಿಲ್ಲ. ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ, ಒಂದಕ್ಷರ ಆಚೀಚೆ ಆಗದಂತೆ ಬಂದಿತ್ತು. ಅಕ್ಷರ ಮಾತ್ರವೇ ಅಲ್ಲ. ಚಂಡಬಾಹು ಮೊದಲ ಸಲ ರಂಗಕ್ಕೆ ಬಂದು "ಹದಿನಾಲ್ಕು ಲೋಕಗಳನ್ನೂ" ಎಂದು ಎರಡು ಸಲ ಕೆಮ್ಮಿ, ಆಮೇಲೆ "ಗೆದ್ದಂಥ" ಅನ್ನುತ್ತಾನೆ. ಗುರುಗಳು ಅಲ್ಲಿ ಕೆಮ್ಮುತ್ತಿದ್ದರು. ಆದ್ದರಿಂದ ಮೇಷ್ಟ್ರೂ ಕೆಮ್ಮಿದರು. ಅದು ರಾಕ್ಷಸನ ಎದೆಯೊಳಗಿನ ಬೆಂಕಿಯ ಹೊಗೆಯೆಂದು ಅವರು ಶಿಷ್ಯರಿಗೆ ವಿವರಿಸುತ್ತಿದ್ದರು.

"ಬೆಂಕಿ ಎಲ್ಲಿಂದ ಬರ್ಬೇಕು? ಬೀಡಿ ಹೊಗೆ ಅದು," ಎಂದು ಅವರ ಹೆಂಡತಿ ರಾಮಮ್ಮ ಅಡುಗೆಮನೆಯಿಂದ ತಿದ್ದುಪಡಿ ಕೊಡುತ್ತಿದ್ದರು. "ನಿಮ್ ಗುರುಗಳು ಕಟ್ಟುಗಟ್ಟಲೆ ಸೇದೋರು."

ಗುರುಗಳು ಕೊನೆಗಾಲದಲ್ಲಿ ಬೀಡಿ ಬಿಟ್ಟರೂ ಕೆಮ್ಮು ಅವರನ್ನು ಬಿಡಲಿಲ್ಲ. ಶಿಷ್ಯರು ಬೀಡಿ ಹಿಡಿಯದೆಯೇ ಕೆಮ್ಮು ಹಿಡಿದರು.

ಈ ವರ್ಷ ಚಂಡಬಾಹು ಆಗಬೇಕಿದ್ದವನು ಕೈಕೊಟ್ಟಿದ್ದ. ಹೊಸಬನನ್ನು, ಮೋಹನ್ ಕುಮಾರ್ ಮನೆಗೆ ಬರುವುದಕ್ಕೂ ಒಂದು ವಾರ ಮೊದಲೇ, ದೇವರೇ ಗೇಟಿನ ತನಕ ಕಳಿಸಿದ್ದ. ಯಾವುದೋ ಪಾರ್ಸೆಲ್ ಹಿಡಿದು ಬಂದವನೊಬ್ಬ ಹೊರಗಿನಿಂದ "ಆರ್ಡರ್ ರೀ!" ಎಂದು ಕೂಗಿದಾಗ ಷೋಕೇಸಿನ ಗಾಜು ನಡುಗಿತು. ಮೇಷ್ಟ್ರು ಮಂಡಿನೋವು ಮರೆತು ಓಡಿದರು. ಪಾರ್ಸೆಲ್ ಪಕ್ಕದ ಮನೆಯದು. ಧ್ವನಿ ಮಾತ್ರ ತಮ್ಮದೇ ಎಂದು ಮೇಷ್ಟ್ರು ತೀರ್ಮಾನಿಸಿಬಿಟ್ಟರು.

ಅವನ ಹೆಸರು ರೇವಣಸಿದ್ದ. ಕಲಬುರಗಿ ಕಡೆಯವನು, ನಂದಿನಿ ಲೇಔಟಿನಲ್ಲಿ ಗೆಳೆಯರ ಜೊತೆ ರೂಮು. ಊರಲ್ಲಿ ಬಯಲಾಟ ನೋಡಿ ಬೆಳೆದವನಾದ್ದರಿಂದ ತಕ್ಷಣ ಒಪ್ಪಿದ. ಆದರೆ ಭಾನುವಾರ ಬೆಂಗಳೂರಿಗೆ ಹಸಿವು ಜಾಸ್ತಿ, ಆವತ್ತು ಅವನಿಗೆ ಬಿಡುವಿಲ್ಲ. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದರು. ಗುರುವಾರ ಸಂಜೆ ಮಹಡಿ ಮೇಲೆ ಕುಣಿತ ಮಾತ್ರ, ಕೂಸು ಏಳದಂತೆ ಬಾಯಿಮುಚ್ಚಿಕೊಂಡು. ಮಾತುಗಳನ್ನು ಮೇಷ್ಟ್ರು ಫೋನಿನಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ರೇವಣಸಿದ್ದ ಗಾಡಿ ಓಡಿಸುತ್ತಾ ಕಿವಿಯಲ್ಲಿ ಕೇಳಿ ಬಾಯಿಪಾಠ ಮಾಡುತ್ತಾನೆ.

ಎಡವಟ್ಟಾದದ್ದು ಇಲ್ಲಿಯೇ. ಮೇಷ್ಟ್ರು ಒಂದು ಸಲ ಚಂಡಬಾಹು ಆದರೆ ಮಾತು ಮುಗಿಯುವವರೆಗೂ ಕೃಷ್ಣಯ್ಯ ಆಗುತ್ತಿರಲಿಲ್ಲ. ನಡುವೆ ಮನೆಯಲ್ಲಿ ಏನೇ ನಡೆದರೂ ಅದನ್ನು ರಾಕ್ಷಸನ ಗಂಟಲಿನಲ್ಲೇ ವಿಚಾರಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಕಳಿಸಿದ್ದನ್ನು ತಿರುಗಿ ಕೇಳುವ ಅಭ್ಯಾಸವೂ ಅವರಿಗಿರಲಿಲ್ಲ.

ರೇವಣಸಿದ್ದನಿಗೆ ಅನುಮಾನ ಬರದೇ ಇರಲಿಲ್ಲ. ಒಂದು ಗುರುವಾರ ಕೇಳಿಯೇಬಿಟ್ಟ.

"ಸರ, ನೀವು ಕಳಿಸಿದ್ದು ಎಲ್ಲಾ ಹಂಗೇ ಹೇಳ್ಬೇಕೇನ್ರಿ? ನಡುವ ಒಂದೀಟು ಮನಿ ಸಂಸಾರದ್ದು ಬರ್ತದಲ್ರಿ, ಅದೂ?"

ಪ್ರಸಂಗದಲ್ಲಿ ಚಂಡಬಾಹು ತನ್ನ ರಾಣಿಯ ಜೊತೆ ಮಾತಾಡುವ ಭಾಗವೊಂದಿತ್ತು. ಮೇಷ್ಟ್ರು ಅದನ್ನೇ ಅಂದುಕೊಂಡರು.

"ಏನ್ ಬರುತ್ತೋ ಎಲ್ಲಾ ಹೇಳ್ಬೇಕು ಕಣಯ್ಯ. ಒಂದಕ್ಷರ ಬಿಡಂಗಿಲ್ಲ. ಕೆಮ್ಮೂ ಬಿಡಬೇಡ."

"ಆತ್ರಿ ಸರ," ಎಂದ ರೇವಣಸಿದ್ದ. ಕೆಮ್ಮನ್ನೇ ಬಿಡದ ವಿದ್ಯೆ ಇದು. ಹಾಗಿರುವಾಗ ಮಿಕ್ಕಿದ್ದನ್ನು ಬಿಡಲು ಅವನು ಯಾರು?

ವಾರ್ಷಿಕೋತ್ಸವದ ಸಂಜೆ ಹಾಲು ತುಂಬಿತ್ತು, ಯಾಕೆಂದರೆ ಬಾಗಿಲಲ್ಲಿ ಕಾಫಿ ಮತ್ತು ಬಿಸಿ ಬೋಂಡಾ ಇತ್ತು. ಬೋಂಡಾ ಮುಗಿಯುತ್ತಿದ್ದಂತೆ ಹಿಂದಿನ ಸಾಲುಗಳು ಸಡಿಲವಾದವು. ಮುಂದಿನ ಸಾಲಿನಲ್ಲಿ ಮೋಹನ್ ಕುಮಾರ್ ಮತ್ತು ಕುಸುಮಾ, ಅವರ ಹಿಂದೆ ರಾಮಮ್ಮ. ಮೋಹನ್ ಕುಮಾರ್ ರಂಗ ನೋಡುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ತಿರುಗಿ ಕುರ್ಚಿ ನೋಡುತ್ತಿದ್ದರು. ಭಾಗವತರ ಜಾಗದಲ್ಲಿ ತಾಳ ಹಿಡಿದು ಕೂತ ಮೇಷ್ಟ್ರೂ ಅದನ್ನೇ ನೋಡುತ್ತಿದ್ದರು.

ಪರದೆ ಸರಿಯಿತು. ಕಿರೀಟ, ಭುಜಕೀರ್ತಿ, ಕೆಂಪು ಕಣ್ಣು. ಎರಡಾಳು ಎತ್ತರ ಕಾಣುತ್ತಿದ್ದ ರೇವಣಸಿದ್ದ. ಮೂಡಲಪಾಯದಲ್ಲಿ ಯಾವ ಪಾತ್ರ ಬಂದರೂ ಮೊದಲು ಮಾತಾಡಿಸುವವನು ಸಾರಥಿ. ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಚೇತನಾ ಸಾರಥಿಯಾಗಿದ್ದಳು. ಬಂದವರನ್ನು ಯಾರು ಏನು ಎಂದು ಕೇಳುವುದು ಅವಳಿಗೆ ಅಲ್ಲಿಯೂ ಕೆಲಸವೇ.

"ಬಂದಂಥವರು ಯಾರು ಪ್ರಭುವೇ? ತಮ್ಮ ನಾಮಾಂಕಿತವೇನು?"

"ಭಲೈ ಸಾರಥಿ! ಹೀಗೆ ಬಾ, ಮತ್ತೂ ಹೀಗೆ ಬಾ! ಹದಿನಾಲ್ಕು ಲೋಕಗಳನ್ನೂ..."

ಕೆಮ್ಮು. ಇನ್ನೊಂದು ಕೆಮ್ಮು.

"ಗೆದ್ದಂಥ ಚಂಡಬಾಹು ಎಂದರೆ ನಾನೇ ಕಾಣೋ!"

ಗುರುಗಳದ್ದೇ ಕೆಮ್ಮು! ಮೇಷ್ಟ್ರ ಕಣ್ಣು ತುಂಬಿ ಬಂತು. ಅದೇ ಕಣ್ಣಿನಲ್ಲಿ ಹಿಂದಿನ ಸಾಲಿನವರು ಎದ್ದು ಚಪ್ಪಲಿ ಹುಡುಕುವುದೂ ಕಂಡಿತು.

ಆಗ ಚಂಡಬಾಹು ಗದೆ ಎತ್ತಿ ಗರ್ಜಿಸಿದ.

"ಎಲೈ ರಾಮಮ್ಮಾ! ಮೂರು ವಿಜಲ್ಲಾಯಿತು! ಕುಕ್ಕರನ್ನು ಇಳಿಸುವಂಥವಳಾಗು!"

ಮದ್ದಳೆ ನಿಂತಿತು. ಚಪ್ಪಲಿ ಹುಡುಕುತ್ತಿದ್ದವರು ಬಗ್ಗಿದಲ್ಲೇ ನಿಂತರು.

ರಾಮಮ್ಮ ಪಕ್ಕದವರಿಗೆ ಸೊಸೆಯ ವಿಷಯ ಹೇಳುತ್ತಾ ಕೂತಿದ್ದರು. ಕಿವಿಗೆ ಬಿದ್ದ ಧಾಟಿ, ಮಾತು, ಎರಡೂ ಹಳೆಯವೇ. ತಿರುಗಿಯೂ ನೋಡದೆ ಜವಾಬು ಕೊಟ್ಟರು.

"ಕೈಗೇನ್ ಬಂದಿದೆ ನಿಮ್ಗೆ? ಎದ್ದು ಇಳಿಸ್ಕೊಳ್ಳಿ!"

ಹಾಲಿಗೆ ಹಾಲೇ ಉಕ್ಕಿತು. ಎದ್ದವರು ಕೂತರು. ಕೂತವರು ಎದ್ದು ನಿಂತು ರಾಮಮ್ಮನನ್ನು ನೋಡಿದರು. ರೇವಣಸಿದ್ದ ಮಾತ್ರ ಒಂಚೂರೂ ಅಲುಗಲಿಲ್ಲ. ವಾಯ್ಸ್ ಮೆಸೇಜಿನಲ್ಲೂ ಜವಾಬು ಇದೇ ಇತ್ತು. ಆಯಮ್ಮ ಎಷ್ಟು ಚೆನ್ನಾಗಿ ಪಾಠ ಒಪ್ಪಿಸುತ್ತಾರೆ ಎಂದು ಮನಸ್ಸಿನಲ್ಲೇ ಮೆಚ್ಚಿ ಮುಂದುವರಿದ.

"ಲೋಕಗಳನ್ನೇ ಗೆದ್ದ ನಾನು ಕುಕ್ಕರಿನ ಬಳಿಗೆ ಬರುವುದೇ? ಈ ಮಂಡಿನೋವಿನಲ್ಲಿ!"

"ಗೆದ್ದಿದ್ ಸಾಕು! ಹುಳಿ ಬೇಕೋ ಬೇಡ್ವೋ?" ರಾಮಮ್ಮನಿಗೆ ಇಷ್ಟು ಹೊತ್ತಿಗೆ ಎಲ್ಲಿದ್ದೇನೆಂದು ತಿಳಿದಿತ್ತು. ಆದರೂ ಜಗಳ ಅರ್ಧಕ್ಕೆ ಬಿಡುವುದು ಅವರ ಜಾಯಮಾನವಲ್ಲ.

ಮೇಷ್ಟ್ರ ಹಣೆಯಲ್ಲಿ ಬೆವರೊಡೆಯಿತು. ಅದು ನಗೆಪಾಟಲಾದದ್ದಕ್ಕೆ ಬಂದ ಬೆವರಲ್ಲ. ಈ ಪಾಠ ಹೇಳಿದ್ದು ಮೋಹನ್ ಕುಮಾರ್ ಮನೆಗೆ ಬಂದು ಹೋದ ಸಂಜೆ ಎಂಬುದು ಅವರಿಗೆ ಈಗ ನೆನಪಾಗಿತ್ತು. ಕುಕ್ಕರ್ ಆದಮೇಲೆ ಚಂಡಬಾಹು ಏನೆಂದಿದ್ದ ಎಂಬುದೂ ನೆನಪಾಯಿತು.

ತಕ್ಷಣ ತಾಳ ಕುಟ್ಟಿ, ಏರುದನಿಯಲ್ಲಿ, ಪ್ರಸಂಗದ ಕೊನೆಯಲ್ಲಿ ಬರಬೇಕಾದ ಯುದ್ಧದ ಪದವನ್ನೇ ಎತ್ತಿಕೊಂಡರು. ರೇವಣಸಿದ್ದ ಒಳ್ಳೆಯ ಶಿಷ್ಯ. ಪದಕ್ಕೆ ತಕ್ಕಂತೆ ರಂಗ ನಡುಗುವ ಹಾಗೆ ಕುಣಿದ. ಮೇಷ್ಟ್ರು ಪದವನ್ನು ಮತ್ತೆ ಹಾಡಿದರು, ಅವನು ಮತ್ತೆ ಕುಣಿದ. ಮೂರನೆಯ ಸಲಕ್ಕೆ ಮೇಷ್ಟ್ರ ಉಸಿರು ಮುಗಿಯಿತು. ರೇವಣಸಿದ್ದನೋ, ಬಿಟ್ಟ ಅಕ್ಷರದಿಂದ ಹಿಡಿಯಲು ಸಿದ್ಧನಾಗಿ ನಿಂತಿದ್ದ.

ಅಷ್ಟರಲ್ಲಿ ಚೇತನಾಳಿಗೆ ಸಾರಥಿಯ ಧರ್ಮ ನೆನಪಾಯಿತು. ರಂಗದಲ್ಲಿ ಎಡವಟ್ಟಾದರೆ ಏನಾದರೊಂದು ಕೇಳಿ ಮುಚ್ಚಬೇಕಾದವನು ಸಾರಥಿ. ಅವಳು ಮೇಷ್ಟ್ರನ್ನು ಕಾಪಾಡಲು ಮುಂದೆ ಬಂದಳು.

"ಮಹಾಪ್ರಭುವೇ, ಈ ದಿವಸ ಹುಳಿಗೆ ಯಾವ ತರಕಾರಿ?"

"ಬೆಂಡೆಕಾಯಿ!" ಎಂದು ಗುಡುಗಿದ ಚಂಡಬಾಹು. ಪಾಠದಲ್ಲಿ ಮುಂದಿನ ಮಾತು ಅದೇ ಇತ್ತು. "ಆ ಮೋಹನ್ ಕುಮಾರನೊಬ್ಬ ಬೆಂಡೆಕಾಯಿ! ಬಗ್ಗಿಸಿದರೆ ಮುರಿಯುವನು, ಹೆಚ್ಚಿದರೆ ಅಂಟುವನು! ಹೆಂಡತಿ ಕುಣಿಸಿದಂತೆ ಕುಣಿಯುವನು, ಅದಕ್ಕೆ ಜುಂಬಾ ಎಂದು ಹೆಸರಿಡುವನು!"

ಮೇಷ್ಟ್ರು ತಾಳವನ್ನು ಮುಖಕ್ಕೆ ಅಡ್ಡ ಹಿಡಿದರು.

ಹಾಲಿನಲ್ಲಿ ಎಲ್ಲರಿಗಿಂತ ಮೊದಲು ನಕ್ಕವರು ಕುಸುಮಾ. ಮೋಹನ್ ಕುಮಾರ್ ಎದ್ದರು. ಕುಸುಮಾ ಅವರ ಅಂಗಿ ಹಿಡಿದೆಳೆದರು.

"ಕೂತ್ಕೊಳ್ರೀ. ಮುಂದೇನಂತಾರೋ ಕೇಳೋಣ."

ಮುಂದೇನಂತಾರೋ. ಆ ಸಂಜೆ ಯಾರನ್ನೂ ಏಳಗೊಡದೇ ಇದ್ದದ್ದು ಇದೊಂದೇ ಕುತೂಹಲ. ಬೀದಿಗೆ ಕಸ ಸುರಿಯುವವರು, ಪಕ್ಕದವರ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುವವರು, ಚಂದಾ ಪುಸ್ತಕ ಹಿಡಿದು ಬಂದವರಿಗೆ ಬಾಗಿಲು ತೆಗೆಯದವರು, ಎಲ್ಲರೂ ತಮ್ಮ ಹೆಸರು ಬಂದೀತೆಂಬ ಭಯಕ್ಕೆ, ಪಕ್ಕದವರದ್ದು ಬಂದೀತೆಂಬ ಆಸೆಗೆ ಕುರ್ಚಿ ಹಿಡಿದು ಕೂತರು. ಕೆಲವರು ಮನೆಗೆ ಫೋನು ಮಾಡಿದರು. "ಬೇಗ ಬಾರೇ, ಬಡಾವಣೆಯೋರದ್ದೆಲ್ಲಾ ಬಿಚ್ತಾ ಇದಾರೆ!" ಮಿಕ್ಸಿ ನಿಲ್ಲಿಸಿ ಬಂದವರೂ ಇದ್ದರು. ಶಾಮಿಯಾನದವರು ಇನ್ನಷ್ಟು ಕುರ್ಚಿ ಇಳಿಸಿದರು.

ಆದರೆ ಆಮೇಲೆ ಯಾರ ಹೆಸರೂ ಬರಲಿಲ್ಲ. ಬರೀ ಚಂಡಬಾಹು ಬಂದ. ಯುದ್ಧದಲ್ಲಿ ಸೋತ, ಕಿರೀಟ ತೆಗೆದು ನೆಲಕ್ಕಿಟ್ಟ, ಸಾರಥಿಯ ಹೆಗಲ ಮೇಲೆ ಕೈ ಹಾಕಿ "ನನ್ನ ಹೆಸರು ಹೇಳಿ ಕೂಗುವವರು ಇನ್ನಾರಿದ್ದಾರೆ ಸಾರಥಿ" ಎಂದು ಸಣ್ಣ ದನಿಯಲ್ಲಿ ಕೇಳಿದ. ಆರ್ಡರ್ ಎಂದು ಕೂಗಿ ಗಾಜು ನಡುಗಿಸಿದ ಗಂಟಲು ಅದೇ ಎಂದು ನಂಬುವಂತಿರಲಿಲ್ಲ. ಹಾಲಿನಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಮಂಗಳ ಹಾಡುವಾಗ ಮೇಷ್ಟ್ರು ಕಣ್ಣು ಬಿಟ್ಟು ನೋಡಿದರು. ಬಾಗಿಲ ತನಕ ತಲೆಗಳು.

ಒಳಗೆ ಬಣ್ಣ ತೆಗೆಯುವ ಕೋಣೆಗೆ ಮೋಹನ್ ಕುಮಾರ್ ಬಂದರು. ಮೇಷ್ಟ್ರು ಎದ್ದು ಕೈಮುಗಿದರು.

"ತಪ್ಪಾಯ್ತು ಕಣ್ರೀ. ಏನೋ ಕೋಪದಲ್ಲಿ..."

"ಇರ್ಲಿ ಬಿಡಿ ಮೇಷ್ಟ್ರೇ. ಮಾತು ಅಂದ್ರೆ ಮಾತು. ಭಾನುವಾರ ನಿಮ್ದೇ. ಜುಂಬಾ ಶನಿವಾರಕ್ ಹಾಕ್ತೀವಿ." ಆಮೇಲೆ ತಗ್ಗಿದ ದನಿಯಲ್ಲಿ, "ಆ ಬೆಂಡೆಕಾಯಿ ಮಾತ್ರ ಮುಂದಿನ್ ವರ್ಷ ತೆಗೆದ್ಬಿಡಿ."

"ತೆಗೀಬೇಡಿ ಮೇಷ್ಟ್ರೇ," ಎಂದರು ಹಿಂದಿನಿಂದ ಕುಸುಮಾ. "ಭಾನುವಾರ ನಾನೂ ಕಲಿಯಕ್ ಬರ್ತೀನಿ."

ಭಾನುವಾರ ತರಗತಿ ಕಿಕ್ಕಿರಿದಿತ್ತು. ರೇವಣಸಿದ್ದ ರಜೆ ಹಾಕಿ ಬಂದಿದ್ದ. ಹೊಸಬರಿಗೆ ಚಂಡಬಾಹುವಿನ ಪ್ರವೇಶ ಹೇಳಿಕೊಡಲು ಮೇಷ್ಟ್ರು ಅವನನ್ನೇ ನಿಲ್ಲಿಸಿ, ಪಕ್ಕಕ್ಕೆ ಕರೆದು ಪಿಸುಗುಟ್ಟಿದರು.

"ರಾಮಮ್ಮಂದು, ಬೆಂಡೆಕಾಯಿದು ಬಿಟ್ಟು ಹೇಳ್ಕೊಡಪ್ಪ."

ರೇವಣಸಿದ್ದ ನಿಜವಾಗಿಯೂ ನೊಂದುಕೊಂಡ. "ಸರ, ಒಂದಕ್ಷರ ಬಿಡಂಗಿಲ್ಲ ಅಂತ ನೀವೇ ಹೇಳೀರಲ್ರಿ. ಗುರುಗಳ ಕೆಮ್ಮು ನೀವು ಬಿಟ್ಟೀರೇನ್ರಿ?"

ಮೇಷ್ಟ್ರು ತಾಳ ಎತ್ತಿಕೊಂಡು ಪಕ್ಕಕ್ಕೆ ಸರಿದರು. ಶಿಷ್ಯರೆಲ್ಲ ಎದೆಯುಬ್ಬಿಸಿ "ಎಲೈ ರಾಮಮ್ಮಾ!" ಎಂದು ಒಟ್ಟಿಗೆ ಕೂಗಿದರು. ಫ್ಲಾಸ್ಕಿನಲ್ಲಿ ಕಾಫಿ ತಂದ ರಾಮಮ್ಮ ಬಾಗಿಲಲ್ಲೇ ನಿಂತು, "ಕೈಗೇನ್ ಬಂದಿದೆ ನಿಮ್ಗೆಲ್ಲಾ?" ಎಂದರು. ಮೇಷ್ಟ್ರು ಗದರಿಸಲು ಬಾಯಿ ತೆರೆದರು. ಮಾತಿನ ಬದಲು ಕೆಮ್ಮು ಬಂತು. ಇದು ಪಾಠದ್ದಲ್ಲ, ಮೈಯದ್ದೇ. ಒಂದು, ಎರಡು, ಆಮೇಲೆ ತಡೆಯಲಾರದೆ ಮೂರು.

ಹಾಲಿನ ತುಂಬ ಕೂತವರು ಶ್ರದ್ಧೆಯಿಂದ ಮೂರು ಸಲ ಕೆಮ್ಮಿದರು.