ಮುಟ್ಟದೆ ಆರಿಸಬೇಕಾದ ಬಿಲ್ಲು

ಗ್ಯಾಲೆಮ್‌ಗೆ ಸಿಟ್ಟು ನೆತ್ತಿಗೇರಿತ್ತು. ಭಾನುವಾರದ ಪಂದ್ಯದಲ್ಲಿ ಗಂಡ ಖಾಂಡುವಿನ ತಂಡ ಮಣ್ಣು ಮುಕ್ಕಿತ್ತು. ಸರಿ, ಸೋಲುವವರು ಸೋಲುತ್ತಾರೆ. ಪಂದ್ಯದ ನಡುನಡುವೆ ಆರಾ ಸಾರಾಯಿ ಹೀರುತ್ತ ಹೀರುತ್ತ ಗುರಿಹಲಗೆ ಒಂದಿದ್ದದ್ದು ಎರಡಾಗಿ ಕಂಡರೆ, ಪಾಪ, ಬಾಣ ತಾನೇ ಯಾವುದಕ್ಕೆ ತಾಗಬೇಕು? ಆದರೆ ಅಪವಾದ ಹೊತ್ತವಳು ಹನ್ನೊಂದು ವರ್ಷದ ಮಗಳು ಯಾಂಗ್ಕಿ. ಹಿಂದಿನ ದಿನ ಅಪ್ಪನ ಬಿಲ್ಲು ಗೂಟದಿಂದ ಜಾರಿ ಬೀಳುವುದರಲ್ಲಿತ್ತು; ಮಗು ಹಿಡಿದು ಮತ್ತೆ ತೂಗುಹಾಕಿತು. ಅಷ್ಟೇ! ಹೆಣ್ಣಿನ ಕೈ ತಾಗಿತು, ಬಿಲ್ಲಿನ ಅದೃಷ್ಟ ಹೋಯಿತು. ತಂಡಕ್ಕೆ ತಂಡವೇ ಅಂಗಳಕ್ಕೆ ಬಂದು ಅವಳೆದುರೇ ಈ ಮಾತಾಡಿತು. ಖಾಂಡು ನೆಲ ನೋಡುತ್ತ ನಿಂತಿದ್ದ.

ಅವತ್ತಿನಿಂದ ಹುಡುಗಿ ಎರಡೂ ಕೈಗಳನ್ನು ಅಂಗಿಯ ಉದ್ದ ತೋಳಿನೊಳಗೆ ಬಚ್ಚಿಟ್ಟುಕೊಂಡೇ ತಿರುಗುತ್ತಿದ್ದಳು. ಶಾಲೆಯಲ್ಲಿ ಈ ವರ್ಷ ಹೆಣ್ಣುಮಕ್ಕಳಿಗೂ ಬಿಲ್ಲಿನ ತಂಡ ಕಟ್ಟುತ್ತಿದ್ದರು. ಶನಿವಾರ ಆಯ್ಕೆ, ಬಿಲ್ಲು ಅವರವರೇ ತರಬೇಕು. ಮಳೆಗಾಲದಿಂದ ಅದೇ ಜಪ ಮಾಡುತ್ತಿದ್ದವಳು ಈಗ, "ನಂಗೆ ಬೇಡಮ್ಮ, ನಾನು ಮುಟ್ಟಿದ್ರೆ ಎಲ್ಲಾ ಹಾಳಾಗುತ್ತೆ" ಅಂದಳು.

ಆ ಮಾತು ಕೇಳಿದ ಮೇಲೆ ಗ್ಯಾಲೆಮ್ ಗಂಡನ ಹತ್ತಿರ ಏನನ್ನೂ ಕೇಳಲಿಲ್ಲ. ಒಣಮೆಣಸಿನಕಾಯಿ ಮಾರಿದ ದುಡ್ಡನ್ನು ಮಡಿಲಿಗೆ ಸಿಕ್ಕಿಸಿಕೊಂಡಳು, ಮಗಳ ರಟ್ಟೆ ಹಿಡಿದಳು, ಹೊಳೆ ದಾಟಿ ಬಿಲ್ಲು ಮಾಡುವ, ಊರೆಲ್ಲ ಗೌರವದಿಂದ ಆಪ್ ಎನ್ನುವ ಲೋಡೇಯ ಮನೆಗೆ ದರದರ ನಡೆದಳು.

ಮುದುಕ ಎಲೆಅಡಿಕೆ ಜಗಿಯುತ್ತ ಬಿದಿರು ಹೆರೆಯುತ್ತಿದ್ದ. ಗೋಡೆಯ ಮೇಲೆ ಸಾಲಾಗಿ ಬಿಲ್ಲುಗಳಿದ್ದವು.

"ಇವಳಿಗೊಂದು ಬಿಲ್ಲು ಬೇಕು ಆಪ್. ಮೊದಲನೇ ಬಿಲ್ಲು. ಹಗುರ ಇರ್ಲಿ, ಅಗ್ಗ ಇರ್ಲಿ."

"ಹುಡುಗೀಗಾ?" ಲೋಡೇ ಹುಬ್ಬೇರಿಸಿದ. "ಕಾಲ ಕೆಟ್ಟೋಯ್ತು ಬಿಡು. ಆಗ್ಲಿ, ಶಾಲೆಯೋರು ಹೇಳಿದ್ಮೇಲೆ ಇನ್ನೇನು." ಎದ್ದು ಒಂದನ್ನು ಇಳಿಸಿ ದೂರದಿಂದಲೇ ತೋರಿಸಿದ. "ಇದು ತಗೋ. ಎರಡು ಸಾವಿರ ನುಲ್ಟ್ರಮ್. ಸ್ವಲ್ಪ ಬಿಗಿ, ಆದ್ರೆ ಮಕ್ಳು ಬೆಳೀತಾವೆ. ಹತ್ತು ವರ್ಷ ಬರುತ್ತೆ."

"ಅವಳು ಎಳೆಯಬೇಕಿರೋದು ಶನಿವಾರ, ಹತ್ತು ವರ್ಷ ಬಿಟ್ಟಲ್ಲ. ಕೊಡಿ, ಎಳೆದು ನೋಡ್ಲಿ."

ಲೋಡೇ ಬಿಲ್ಲನ್ನು ಬೆನ್ನ ಹಿಂದೆ ಸರಿಸಿದ. "ಏಯ್, ಏಯ್! ಇಲ್ಲಿರೋವೆಲ್ಲ ಗಂಡಸರ ಬಿಲ್ಲು ಜೊತೆ ತೂಗಿರೋವು. ನಿಮ್ಮ ಖಾಂಡು ತಂಡದೋರು ರಿಪೇರಿಗೆ ಕೊಟ್ಟಿರೋವೂ ಇವೆ. ದುಡ್ಡು ಕೊಟ್ಟು ಹೊಸಿಲು ದಾಟಿದ್ಮೇಲೆ ಮುಟ್ಟಲಿ, ಕಚ್ಚಲಿ. ಇಲ್ಲಿ ಬರೀ ಕಣ್ಣಲ್ಲಿ ನೋಡ್ಬೇಕು."

"ಕಣ್ಣಲ್ಲಿ ನೋಡಿದ್ರೆ ಬಿಗಿ ಗೊತ್ತಾಗುತ್ತಾ?"

"ಅದಕ್ಕೇ ಅವರಪ್ಪನ್ನ ಕಳ್ಸು ಅನ್ನೋದು."

"ಅವರಪ್ಪ ಎಳೆದ್ರೆ ಇವಳ ತೋಳಿಗೆ ಸರಿ ಹೋಗುತ್ತಾ? ನಿಮ್ಮ ಚಪ್ಪಲಿ ಕೊಳ್ಳೋಕೆ ನನ್ನ ಕಾಲು ಕಳಿಸ್ತೀರಾ ಆಪ್?"

ಮುದುಕ ಹಲ್ಲು ಕಿರಿದ. ಆ ನಗುವೇ ಕೆಲಸ ಕೆಡಿಸಿತು. ಇಷ್ಟು ವರ್ಷ ಇದೇ ನಗುವಿನವರಿಗೆ ಅನ್ನ ಹೊತ್ತು, ಆರಾ ಕಾಯಿಸಿ, ಗುರಿ ತಾಗಿದಾಗಲೆಲ್ಲ ಹಾಡಿ ಕುಣಿದು, ಮೈದಾನದ ಗೆರೆಯಾಚೆ ನಿಂತವಳು ಗ್ಯಾಲೆಮ್. ಅವಳು ಮಾಡಿದ ಅನ್ನ ಮೈಲಿಗೆಯಲ್ಲ, ಅವಳ ಮಗಳ ಬೆರಳು ಮೈಲಿಗೆ! ಒಂದೇ ದಾಪಿಗೆ ಗೋಡೆಯ ಹತ್ತಿರ ಹೋಗಿ ಮೊದಲ ಬಿಲ್ಲು ಕಿತ್ತು ಮಗಳ ಕೈಗೆ ತುರುಕಿದಳು.

"ಎಳಿ."

"ಅಮ್ಮಾ, ಬೇಡ..."

"ಎಳಿ ಅಂದೆ!"

"ಅಯ್ಯೋ, ಹಾಳು ಮಾಡಿದ್ಲು! ಮನೆಹಾಳಿ!" ಲೋಡೇ ಬಾಯಿ ಬಡಿದುಕೊಂಡ.

ಯಾಂಗ್ಕಿ ಅಳುತ್ತಲೇ ಎಳೆದಳು. ಭುಜ ಕಿವಿಗೆ ಏರಿತು, ತೋಳು ಥರಥರ ನಡುಗಿತು. ಗ್ಯಾಲೆಮ್ ಅದನ್ನು ಕಿತ್ತುಕೊಂಡು ನೆಲಕ್ಕಿಟ್ಟು ಇನ್ನೊಂದು ಕೊಟ್ಟಳು. ಅದೂ ಬಿಗಿ. ಹಾಗೇ ಸಾಲಿನುದ್ದಕ್ಕೂ, ತಂಡದವರ ಬಿಲ್ಲು, ಊರ ಗೌಡನ ಬಿಲ್ಲು, ಯಾವುದನ್ನೂ ಬಿಡಲಿಲ್ಲ. ಕಡೆಗೆ ಮೂಲೆಯ ಗಿಡ್ಡ ಬಿಲ್ಲಿನ ಹೆದೆ ಹುಡುಗಿಯ ಕೆನ್ನೆಯವರೆಗೂ ಬಂತು. ಭುಜ ಇಳಿದೇ ಇತ್ತು, ಉಸಿರೂ ಕಟ್ಟಲಿಲ್ಲ. ಯಾಂಗ್ಕಿ ಅಳು ಮರೆತು ಇನ್ನೊಮ್ಮೆ ಎಳೆದಳು.

"ಇದೇ," ಅಂದಳು ಗ್ಯಾಲೆಮ್. "ಎಷ್ಟು?"

"ಎಷ್ಟಾ? ಎಲ್ಲಾ ಮೈಲಿಗೆ ಮಾಡಿ ಎಷ್ಟು ಅಂತೀಯಲ್ಲೇ! ಇನ್ನು ಇವನ್ನ ಯಾವ ಗಂಡ್ಸು ಮುಟ್ತಾನೆ?"

"ಹಾಗಾದ್ರೆ ಕೆಟ್ಟ ಮಾಲು. ನೀವು ಹೇಳಿದ ಎರಡು ಸಾವಿರದಲ್ಲಿ ಅರ್ಧ ಕೊಡ್ತೀನಿ."

ಲೋಡೇ ಏನೋ ಬೈಯಲು ಹೊರಟವನು ತಡೆದುಕೊಂಡ. ದಾರಿಯಲ್ಲಿ ಯಾರೋ ಮಾತಾಡಿಕೊಂಡು ಬರುವ ಸದ್ದಾಗುತ್ತಿತ್ತು. ಬಾಗಿಲಿಗೆ ಹೋಗಿ ಇಣುಕಿದ, ಮತ್ತೆ ಓಡಿಬಂದು ನೆಲದ ಮೇಲಿದ್ದ ಬಿಲ್ಲುಗಳನ್ನು ಒಂದೊಂದಾಗಿ ಎತ್ತಿ ತನ್ನ ತೋಳಿನ ಬಟ್ಟೆಯಿಂದ ಗಸಗಸ ಒರೆಸಿದ, ಎಲ್ಲವನ್ನೂ ಇದ್ದಲ್ಲೇ ತೂಗುಹಾಕಿದ.

"ಅರ್ಧಾನೇ ಕೊಡು," ದನಿ ತಗ್ಗಿಸಿ ಅಂದ. "ನೀವು ಏನೂ ಮುಟ್ಟಿಲ್ಲ, ನಾನೇನೂ ನೋಡಿಲ್ಲ. ತಂಡದೋರು ನಾಳೆ ಬಂದು ತಗೊಂಡು ಹೋಗ್ತಾರೆ. ಊರಲ್ಲಿ ಬಾಯಿ ಬಿಡ್ಬೇಡ ತಾಯಿ, ಹೊಟ್ಟೆಪಾಡು."

ಗ್ಯಾಲೆಮ್ ಮಡಿಲಿನಿಂದ ದುಡ್ಡು ತೆಗೆದು ಎಣಿಸತೊಡಗಿದಳು. ಆಗ ಬಂತು ಯಾಂಗ್ಕಿಯ ಮಾತು. ಗಿಡ್ಡ ಬಿಲ್ಲನ್ನು ಎದೆಗವಚಿಕೊಂಡು ಅವಳು ಗೋಡೆಯನ್ನೇ ನೋಡುತ್ತಿದ್ದಳು.

"ಅಜ್ಜ, ಒರೆಸಿದ್ರೆ ಹೋಗುತ್ತಾ?"

ಲೋಡೇ ಜಗಿಯುವುದನ್ನು ನಿಲ್ಲಿಸಿದ.

"ಹೋಗೋದಾದ್ರೆ ಅಪ್ಪ ಯಾಕೆ ಒರೆಸ್ಲಿಲ್ಲ?"

ಮುದುಕ ಗ್ಯಾಲೆಮ್‌ಳ ಮುಖ ನೋಡಿದ. ಅವಳು ಅವನಿಗೆ ಸಹಾಯ ಮಾಡಲಿಲ್ಲ. ನೋಟುಗಳನ್ನು ಬಿದಿರಿನ ಸಿಬಿರುಗಳ ಮೇಲೆ ಎಸೆದಳು, ಸರಿಯಾಗಿ ಅರ್ಧ, ಒಂದು ಕಾಸೂ ಹೆಚ್ಚಿಲ್ಲ.

"ನಡಿ ಯಾಂಗ್ಕಿ," ಅಂದಳು. "ಅದನ್ನ ಮನೆಗೆ ಹೋಗಿ ಅಪ್ಪನ್ನೇ ಕೇಳು. ತಂಡದೋರೆಲ್ಲ ಇರೋವಾಗ, ಇಷ್ಟೇ ಜೋರಾಗಿ ಕೇಳು."