ಘರಪಟ್ಟಿಯ ಹಲಗೆ

"ಕೈಯಲ್ಲಿ ಜೀವ ಇಲ್ವಾ ನಿಂಗೆ? ಹಲಗೆ ಬಾರಿಸ್ಲಿಕ್ಕೆ ನಿಮ್ಮ ಜಾತಿಯವರಿಗೆ ನಾನು ಕಲಿಸ್ಬೇಕಾ? ಗಟ್ಟಿ ಬಾರಿಸೇ!"

ಮಹಾನಗರಪಾಲಿಕೆಯ ವಸೂಲಿ ಗುಮಾಸ್ತ ಯೋಗೀಶ್ ಕೂಗಿದ. ಚಂದವ್ವ ಬಾರಿಸಿದಳು. ಘರಪಟ್ಟಿ, ಅಂದರೆ ಮನೆಕಂದಾಯ, ಕಟ್ಟದವರ ಬಾಗಿಲಲ್ಲಿ ಹಲಗೆ ಬಾರಿಸಿ ಅವರ ಮಾನ ಕಳೆಯುವುದು ಆ ವಾರದ ಕೆಲಸ. ದಿನಕ್ಕೆ ನಾನೂರು ರೂಪಾಯಿ. ಕೂಲಿಗೆ ಕರೆಯುವ ನಾಕಾದಲ್ಲಿ ದಿನವೂ ನಿಂತು ಬರಿಗೈಲಿ ತಿರುಗಿ ಹದಿನೈದು ದಿನವಾಗಿತ್ತು. ಹಲಗೆ ಗಂಡನದು, ಬಾರಿಸಲು ಕಲಿಸಿದವನೂ ಅವನೇ. ಅವನು ಕಟ್ಟಡದಿಂದ ಬಿದ್ದು ಸತ್ತು ಮೂರು ವರ್ಷ.

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕಾರ್ಖಾನೆಗಳ ಹಿಂದಿನ ಆ ಸಾಲುಮನೆಗಳ ಚಾಳಿನಲ್ಲಿ ನಾಲ್ಕನೇ ಬಾಗಿಲು ದಾನಮ್ಮನದು. ಈ ಊರಲ್ಲಿ ಚಂದವ್ವನನ್ನು "ಉಂಡಿಯೇನವ್ವಾ?" ಎಂದು ಕೇಳುವ ಜೀವ ಅವಳೊಬ್ಬಳೇ.

ಚಂದವ್ವನ ಕೈ ನಿಂತಿತು. "ಈ ಮನಿ ಬ್ಯಾಡ್ರಿ ಸಾಹೇಬ್ರ. ರೊಟ್ಟಿ ಬಡದು ಹೊಟ್ಟಿ ಹೊರಿಯಾಕಿ."

"ನಿನ್ನ ಅಪ್ಪನ ಆಫೀಸಾ ಇದು? ಬಾರಿಸು. ಇಲ್ಲಾಂದ್ರೆ ಮೂರು ದಿನದ ಕೂಲಿಯೂ ಸಿಗುದಿಲ್ಲ."

ಬಾರಿಸಿದಳು. ಸುತ್ತಲಿನ ಬಾಗಿಲುಗಳೆಲ್ಲ ತೆರೆದವು. ದಾನಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಮೊದಲು ಹಲಗೆ ನೋಡಿದಳು, ಆಮೇಲೆ ಮುಖ.

"ಚಂದವ್ವಾ, ನೀನ ಏನ ಬಾರಿಸಾಕಿ?"

ದಾನಮ್ಮ ಕಿವಿಯ ಬೆಂಡೋಲೆ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡು ಅಕ್ಕಸಾಲಿಗನ ಅಂಗಡಿಯ ಕಡೆ ನಡೆದಳು.

ಸಂಜೆ ಚಂದವ್ವ ಹೋಗಿ ಬಾಗಿಲು ತಟ್ಟಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು.

ಮರುದಿನ ಬೆಳಿಗ್ಗೆ ಜೀಪು ಒಬ್ಬ ಬಿಲ್ಡರನ ಟವರಿನ ಮುಂದೆ ನಿಂತಿತು. ಬಾಕಿಯ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ, ಎರಡು ಕೋಟಿ. ಚಂದವ್ವ ಹಲಗೆಯನ್ನು ಹೆಗಲಿಗೆ ಹಾಕಿಕೊಂಡಳು.

"ಇಳಿಸು, ಇಳಿಸು," ಎಂದ ಯೋಗೀಶ್. "ನಮ್ಮ ಆಫೀಸಿನ ದೊಡ್ಡ ಸಾಹೇಬ್ರು ಒಳಗೆ ಚಾ ಕುಡಿತಾ ಇದ್ದಾರೆ. ಇವ್ರದ್ದು ಮಾತಾಡಿ ಬಗೆಹರಿಸುದು."

"ದಾನಮ್ಮನ ಕೂಡ ಯಾರು ಮಾತಾಡಿದ್ರಿ?"

"ಬಾಯಿ ಮುಚ್ಚು ರಂಡೆ! ಜೀಪಿನ ಹಿಂದೆ ಕೂತ್ಕೋ."

ಚಂದವ್ವ ಜೀಪಿನ ಹಿಂದೆ ಹೋಗಲಿಲ್ಲ. ನೇರ ಗೇಟಿಗೆ ಹೋಗಿ ನಿಂತು ಬಾರಿಸತೊಡಗಿದಳು. ವಾಚ್‌ಮನ್ ಓಡಿಬಂದು ತಳ್ಳಿ ಬೀಳಿಸಿದ. ಎದ್ದು ಮತ್ತೆ ಬಾರಿಸಿದಳು. ಯೋಗೀಶ್ ಬಾರಿಸುವ ಕೋಲು ಕಿತ್ತುಕೊಂಡ.

"ಕೂಲಿ ಒಂದು ಪೈಸೆ ಕೊಡುದಿಲ್ಲ, ಗೊತ್ತಾಯ್ತಾ?"

"ಇಟ್ಕೊ. ಅದನ್ನೂ ನಿನ್ನ ಸಾಹೇಬನ ಚಾಕ್ಕ ಹಾಕು."

ಬರಿಗೈಯಲ್ಲಿ ಬಾರಿಸಿದಳು. ರಸ್ತೆಯಲ್ಲಿ ಹೋಗುವವರು ಯಾರೂ ನಿಲ್ಲಲಿಲ್ಲ. ಮೇಲಿನ ಮಹಡಿಗಳಲ್ಲಿ ಗಾಜಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಅವಳು ಬಾರಿಸುತ್ತಲೇ ಇದ್ದಳು.