ಗ್ಯಾಲರಿಯ ಉಸಿರು

ಒರೂರೊದ ಒಪೇರಾ ಕಂಪನಿಯಲ್ಲಿ ಹದಿನಾಲ್ಕು ವರ್ಷ ನಾನು ದಾಸಿ. ರಾಣಿಯ ದಾಸಿ, ವ್ಯಾಪಾರಿಯ ಹೆಂಡತಿಯ ದಾಸಿ, ಒಮ್ಮೆ ಪಾದ್ರಿಯ ಮನೆಯ ಅಡುಗೆಯವಳು. ಪರದೆ ಎದ್ದಾಗ ದೀಪ ಹಚ್ಚುವವಳು ನಾನು, ನಾಯಕಿ ಸತ್ತಾಗ ಅಯ್ಯೋ ಎಂದು ಕುಸಿಯುವವಳೂ ನಾನೇ. ಧ್ವನಿ ಚೆನ್ನಾಗಿರಲಿಲ್ಲ ಎಂದುಕೊಳ್ಳಬೇಡಿ. ಚೆನ್ನಾಗಿಯೇ ಇತ್ತು, ಈಗಲೂ ಇದೆ, ಹಾಗೆ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ತಕರಾರು ಇದ್ದದ್ದು ನನ್ನ ಹುಟ್ಟೂರಿನದು. ನಾನು ಕೆಳಗಿನ ಬಿಸಿಲು ಸೀಮೆಯ ಮೊಂತೆರೊದವಳು, ಮೇಲಿನವರ ಬಾಯಲ್ಲಿ ‘ಕಾಂಬಾ’. ಒರೂರೊ ಇರುವುದು ಮೋಡಗಳ ಮಟ್ಟದ ಬಯಲಿನಲ್ಲಿ. ಇಲ್ಲಿನ ತೆಳು ಗಾಳಿಯಲ್ಲಿ ಹುಟ್ಟಿದವರ ಎದೆ ಪೀಪಾಯಿಯ ಹಾಗಿರುತ್ತದೆ. ನಮ್ಮಂಥವರು ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತೇವೆ.

“ನಿಮ್ಮ ಕಡೆಯವ್ರಿಗೆ ದೇವ್ರು ಬಾಯಿ ಕೊಟ್ಟ, ಉಸಿರು ಕೊಡೋದು ಮರ್ತ,” ಎಂದು ಡೋನ್ಯಾ ಎನ್ಕಾರ್ನಾ ನನಗೆ ಮೊದಲ ದಿನವೇ ಹೇಳಿದ್ದಳು. ಎನ್ಕಾರ್ನಾ ಕೋಂದೊರಿ ನಮ್ಮ ಕಂಪನಿಯ ರಾಣಿ. ತವರದ ಗಣಿಯ ಕಾಲೊನಿಯಲ್ಲಿ ಹುಟ್ಟಿದವಳು, ಗಣಿ ಕೆಲಸಗಾರನ ವಿಧವೆ. ಅಗಲ ಭುಜ, ಚೂಪು ನಾಲಿಗೆ. ಎರಡು ದಶಕ ಅವಳೇ ನಾಯಕಿ, ಅಷ್ಟು ಕಾಲವೂ ಕಂಪನಿಯಲ್ಲಿ ಬೇರೆ ಯಾರಿಗೂ ಆ ಕಿರೀಟ ಮುಟ್ಟುವ ಧೈರ್ಯ ಬರಲಿಲ್ಲ.

ನಮ್ಮ ಕಂಪನಿಯಲ್ಲಿ ಹಾಡಿ ಯಾರೂ ಹೊಟ್ಟೆ ತುಂಬಿಸಿಕೊಂಡಿಲ್ಲ. ನಮ್ಮ ನಾಯಕ ಬೆಳಿಗ್ಗೆಯೆಲ್ಲ ಮಿನಿಬಸ್ ಓಡಿಸುತ್ತಾನೆ. ಮೇಳದ ಹೆಂಗಸರಲ್ಲಿ ಅರ್ಧ ಜನ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಸಿಹಿ ಗಂಜಿ ಆಪಿ ಬಿಸಿ ಬಿಸಿ ಕಾಯಿಸಿ, ಪೂರಿ ಕರಿದು ಮಾರುತ್ತಾರೆ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಟೀಚರು. ಸಂಜೆಯಾದರೆ ಎಲ್ಲರೂ ಉಣ್ಣೆಯ ಒಳಂಗಿಗಳ ಮೇಲೆ ರೇಷ್ಮೆ ಗೌನು ಏರಿಸಿಕೊಂಡು ರಾಜರು, ಸೇನಾಪತಿಗಳು ಆಗಿಬಿಡುತ್ತೇವೆ. ಈ ಹುಚ್ಚು ಹತ್ತಿದವರಿಗೆ ಬೇರೆ ಮದ್ದಿಲ್ಲ.

ಪ್ರತಿವರ್ಷ ನಾವು ಸೀಸನ್ ಶುರುಮಾಡುವುದು ‘ಉಪ್ಪಿನ ರಾಣಿ’ಯಿಂದ. ಒರೂರೊದ ಚರ್ಚಿನಲ್ಲಿ ಆರ್ಗನ್ ಬಾರಿಸುತ್ತಿದ್ದವನೊಬ್ಬ ಅಜ್ಜಂದಿರ ಕಾಲದಲ್ಲಿ ಬರೆದದ್ದು. ಉಪ್ಪಿನ ಬಯಲಿನ ರಾಣಿಯ ಗಂಡ ಲಾಮಾ ಪ್ರಾಣಿಗಳ ಸಾಲು ಹೊಡೆದುಕೊಂಡು ಹೋದವನು ತಿರುಗಿ ಬರುವುದಿಲ್ಲ. ಕೊನೆಯ ಅಂಕದಲ್ಲಿ ರಾಣಿ ಒಬ್ಬಳೇ ನಿಂತು ಒಂದು ಪುಟ್ಟ ಪದ್ಯ ಹಾಡಿ, ಆಮೇಲೆ ಗಂಡನ ಹೆಸರು ಹಿಡಿದು ಕೂಗುತ್ತಾಳೆ. ವಾಯ್ರಾ. ಆ ಕೊನೆಯ ‘ಆ’ ಒಂದೇ ಸ್ವರ, ಒಂದೇ ಉಸಿರು. ಅಲ್ಲಿಗೆ ಆಟ ಮುಗಿಯಿತು.

ಮುಗಿಯಿತು ಎಂದರೆ ಬೇರೆ ಊರಿನಲ್ಲಿ ಮುಗಿಯುತ್ತಿತ್ತೇನೋ. ನಮ್ಮೂರಲ್ಲಿ ಆಟ ಶುರುವಾಗುವುದೇ ಆಗ. ರಾಣಿ ಆ ಸ್ವರಕ್ಕೆ ಉಸಿರೆಳೆದುಕೊಂಡಾಗ ಇಡೀ ಥಿಯೇಟರು ಅವಳ ಜೊತೆಗೆ ಉಸಿರೆಳೆದುಕೊಂಡು ಬಿಗಿಹಿಡಿಯುತ್ತದೆ. ಜನರ ಉಸಿರು ಮುಗಿದ ಮೇಲೂ ರಾಣಿಯ ಸ್ವರ ನಿಂತಿದ್ದರೆ ಟೋಪಿಗಳೆಲ್ಲ ಗಾಳಿಯಲ್ಲಿ ಹಾರುತ್ತವೆ. ಜನರಿಗಿಂತ ಮೊದಲು ರಾಣಿಯ ಸ್ವರ ನಿಂತರೆ ನಗುತ್ತಾರೆ. ಬರೀ ನಗು, ಅಷ್ಟೇ. ಆ ನಗು ಕೇಳಿಸಿಕೊಂಡವರು ಮತ್ತೆ ಆ ಕಿರೀಟ ಇಟ್ಟುಕೊಂಡದ್ದನ್ನು ನಾನು ನೋಡಿಲ್ಲ. ಗ್ಯಾಲರಿಯ ಮೊದಲ ಸಾಲಿನಲ್ಲಿ ಮಕಾರಿಯೊ ಕೂರುತ್ತಾನೆ, ಕಾರ್ನಿವಲ್ ಬ್ಯಾಂಡಿನಲ್ಲಿ ಟ್ಯೂಬಾ ಊದುವವನು. ದೊಡ್ಡ ಹಿತ್ತಾಳೆ ವಾದ್ಯವನ್ನು ಕುತ್ತಿಗೆಗೆ ಸುತ್ತಿಕೊಂಡು ಊರೆಲ್ಲ ಕುಣಿಯುತ್ತಾ ಊದಿದ ಎದೆ ಅದು. ಅವನನ್ನು ಸೋಲಿಸಿದರೆ ಊರನ್ನೇ ಸೋಲಿಸಿದ ಹಾಗೆ.

ಒಂದು ಸಲ ಲೀಮಾದಿಂದ ಅತಿಥಿಯಾಗಿ ಬಂದ ಗಾಯಕಿಯೊಬ್ಬಳು ಸೈಡ್ ಪರದೆಯ ಹಿಂದೆ ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು ಹಾಡಲು ನೋಡಿದಳು. ಅವಳ ಸ್ವರ ನಿಂತಾಗ ಮಕಾರಿಯೊ ಇನ್ನೂ ಉಸಿರು ಹಿಡಿದೇ ಜೇಬಿನಿಂದ ಹುರಿದ ಅವರೆ ತೆಗೆದು ಸಿಪ್ಪೆ ಸುಲಿಯುತ್ತಿದ್ದ. ಪಾಪ, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಹೋದಳು.

ಆದರೆ ಹೋದ ವರ್ಷ ಜನ ನಕ್ಕದ್ದು ಎನ್ಕಾರ್ನಾಳನ್ನು ನೋಡಿ. ಅರವತ್ತು ದಾಟಿತ್ತು, ಎದೆಯಲ್ಲಿ ಕಫ ಕಟ್ಟಿತ್ತು, ಹಟಕ್ಕೆ ಹಾಡಿದಳು. ಸ್ವರ ನಡುವೆಯೇ ಮುರಿಯಿತು. ಇಪ್ಪತ್ತು ವರ್ಷ ಟೋಪಿ ಹಾರಿಸಿದ ಅದೇ ಜನ ನಕ್ಕರು. ದಾಸಿಯ ವೇಷದಲ್ಲಿ ಸೈಡ್ ಪರದೆಯ ಹಿಂದೆ ನಿಂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಕಿರೀಟ ತೆಗೆದು ನನ್ನ ಕೈಗೆ ಕೊಟ್ಟು, ಮೇಕಪ್ಪನ್ನೂ ಒರೆಸಿಕೊಳ್ಳದೆ ಮನೆಗೆ ಹೋದಳು. ಆಮೇಲೆ ಪ್ರತಿ ಆಟಕ್ಕೂ ಟಿಕೆಟ್ ಕೊಂಡು ಗ್ಯಾಲರಿಯಲ್ಲಿ ಮಕಾರಿಯೊನ ಪಕ್ಕದಲ್ಲೇ ಕೂರತೊಡಗಿದಳು. ಮುಂದಿನ ರಾಣಿ ಯಾರೇ ಬರಲಿ, ಅವಳ ವಿರುದ್ಧ ಉಸಿರು ಹಿಡಿಯಲು.

ಈ ವರ್ಷ ನಮ್ಮ ಮೇಸ್ತ್ರೊ ಕೋಲ್ಕೆ, ಕಂಪನಿಯ ಯಜಮಾನ, ವಾದ್ಯವೃಂದಕ್ಕೆ ಕೋಲು ಆಡಿಸುವವನೂ ಅವನೇ, ನನ್ನನ್ನು ಕರೆದ.

“ಜೊರೈದಾ, ರಾಣಿ ಪಾತ್ರ ಮಾಡ್ತೀಯಾ?”

“ಬೇರೆ ಯಾರೂ ಒಪ್ಪಲಿಲ್ವಾ?”

“ಇಲ್ಲ.”

“ಹಾಗಾದ್ರೆ ಮಾಡ್ತೀನಿ.”

“ನೋಡು, ಮುಚ್ಚಿಡೋದೇನಿಲ್ಲ. ಒಂದು ಆಟ. ಜನ ನಕ್ಕರೆ ಎರಡನೇ ಆಟಕ್ಕೆ ಪುನೊದಿಂದ ಒಬ್ಬಳನ್ನ ಕರೆಸ್ತೀನಿ. ದಾಸಿ ಪಾತ್ರ ಆಗ್ಲೇ ಹೊಸ ಹುಡುಗಿಗೆ ಕೊಟ್ಟಾಗಿದೆ. ವಾಪಸ್ ಕೇಳ್ಬೇಡ.”

ಅಂದರೆ ಗೆದ್ದರೆ ರಾಣಿ, ಸೋತರೆ ಮನೆ. ನನಗೆ ನಲವತ್ತೊಂದು ವಯಸ್ಸು. ಇದು ತಪ್ಪಿದರೆ ಮುಂದೆ ಶಾಲೆಯ ಮಕ್ಕಳಿಗೆ ಡೊ ರೆ ಮಿ ಹೇಳಿಕೊಡುವುದೇ ನನ್ನ ಪಾಲಿಗೆ ಉಳಿಯುವುದು. ಆ ರಾತ್ರಿ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕೆ.

ನಾನು ಪಟ್ಟ ಪಾಡು ಕೇಳಿ. ಬೆಳಗಾಗೆದ್ದು ಕನ್ಯಾಮಾತೆಯ ಗುಡ್ಡ ಹತ್ತಿ ಇಳಿದೆ. ಶಾಲೆಯಲ್ಲಿ ಮಕ್ಕಳು ಬರೆಯುತ್ತಿರುವಾಗ ಬಾಯಿ ಮುಚ್ಚಿ ಉಸಿರು ಹಿಡಿದು ಕೂತೆ. ಒಂದು ಹುಡುಗಿ ಹೆದರಿ ಹೆಡ್ಮಿಸ್ಸನ್ನು ಕರೆತಂದಳು. ಕೊನೆಗೆ ಮಾನ ಬಿಟ್ಟು ಮಕಾರಿಯೊನ ಮನೆಗೇ ಹೋದೆ.

“ನನ್ನನ್ನ ಸೋಲಿಸೋದು ಹೇಗೆ ಅಂತ ನನ್ನನ್ನೇ ಕೇಳ್ತಿದೀಯಲ್ಲಮ್ಮ,” ಎಂದು ಅವನು ಹೊಟ್ಟೆ ಕುಣಿಸಿ ನಕ್ಕ. ಆದರೆ ಒಳ್ಳೆಯ ಮನುಷ್ಯ. ಟ್ಯೂಬಾ ನನ್ನ ಕೈಗೆ ಕೊಟ್ಟ. ಊದಿದೆ. ಎಮ್ಮೆ ನರಳಿದಂಥ ಒಂದು ಸದ್ದು ಬಂತು, ನನ್ನ ಕಣ್ಣಿಗೆ ಕತ್ತಲೆ ಕಟ್ಟಿತು. ಆಮೇಲೆ ನಾನು ರಾಣಿಯ ಸ್ವರ ಹಿಡಿದೆ, ಅವನು ಉಸಿರು ಹಿಡಿದ. ನಾನು ಮುಗಿಸಿದ ಮೇಲೂ ಅವನು ಬಾಯಿ ತೆರೆಯದೆ ಎದ್ದುಹೋಗಿ, ಒಲೆಯ ಮೇಲಿನ ಹಾಲು ಇಳಿಸಿಟ್ಟು ಬಂದು ಕೂತ.

“ಬೇಜಾರು ಮಾಡ್ಕೋಬೇಡ ತಾಯಿ,” ಎಂದ ಆಮೇಲೆ. “ಆದ್ರೆ ಆ ದಿನ ನಾನು ಬಿಟ್ಟುಕೊಡಲ್ಲ. ಬಿಟ್ಟುಕೊಟ್ಟೆ ಅಂತ ಗೊತ್ತಾದ್ರೆ ನಿಂಗೇ ಅವಮಾನ.”

ಅದು ನಿಜ. ದಾನವಾಗಿ ಸಿಕ್ಕ ಟೋಪಿ ನನಗೂ ಬೇಡವಾಗಿತ್ತು.

ಎನ್ಕಾರ್ನಾಳ ಹತ್ತಿರವೂ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದಳು. “ಉಸಿರು ಹೇಳಿಕೊಟ್ಟು ಬರೋದಲ್ಲ, ಮಗಳೇ. ದೀಪ ಚೆನ್ನಾಗಿ ಹಿಡೀತಿದ್ದೆ. ಅದನ್ನೇ ಹಿಡ್ಕೊಂಡಿರ್ಬೇಕಿತ್ತು.” ನಾನೂ ಸುಮ್ಮನಿರುವವಳಲ್ಲ. “ಹಿಡಿದೂ ಹಿಡಿದೂ ಕೈ ನೋವು, ಡೋನ್ಯಾ ಎನ್ಕಾರ್ನಾ. ಈಗ ನಿಮ್ಮ ಕಿರೀಟ ಹಿಡ್ಕೊಂಡು ನೋಡ್ತೀನಿ,” ಎಂದು ಹೇಳಿ ಬಂದೆ. ಬೀದಿ ತಿರುಗಿ ನೆಟ್ಟಗೆ ಕನ್ಯಾಮಾತೆಯ ಗುಡ್ಡ ಹತ್ತಿದೆ.

ಮೊದಲ ಆಟದ ಸಂಜೆ ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಕಾಂಬಾ ಹೆಂಗಸು ಉಪ್ಪಿನ ರಾಣಿಯಾಗುತ್ತಾಳಂತೆ ಎಂದು ಊರೆಲ್ಲ ತಮಾಷೆ ನೋಡಲು ಬಂದಿತ್ತು. ಗ್ಯಾಲರಿಯಲ್ಲಿ ಅವರೆ ಕಡಿಯುವ ಸದ್ದು, ಕೆಮ್ಮು, ಹರಟೆ. ಮೊದಲ ಎರಡು ಅಂಕ ದಾಟಿದೆ. ಕೆಟ್ಟದಾಗೇನೂ ಹಾಡಲಿಲ್ಲ. ಆದರೆ ಮೂರನೆಯ ಅಂಕಕ್ಕೆ ಪರದೆ ಏಳುವ ಹೊತ್ತಿಗೆ ನನ್ನ ಎದೆ ಖಾಲಿ. ಪಕ್ಕೆಗಳಲ್ಲಿ ಸೂಜಿ ಚುಚ್ಚಿದ ಹಾಗೆ ನೋವು. ರಂಗದ ನಡುವೆ ಒಬ್ಬಳೇ ನಿಂತಾಗ ಮೇಲೆ ನೋಡಿದೆ. ಮಕಾರಿಯೊ ಕೋಟಿನ ಗುಂಡಿ ಬಿಚ್ಚಿ ಸಿದ್ಧನಾಗುತ್ತಿದ್ದ. ಪಕ್ಕದಲ್ಲಿ ಕಪ್ಪು ಶಾಲು ಹೊದ್ದು ಎನ್ಕಾರ್ನಾ ನೆಟ್ಟಗೆ ಕೂತಿದ್ದಳು.

ಆ ಪದ್ಯವನ್ನು ಎಲ್ಲರೂ ಗಟ್ಟಿಯಾಗಿ ಹಾಡುವುದು ರೂಢಿ. ಎನ್ಕಾರ್ನಾ ಹಾಡಿದರೆ ಸೈನ್ಯಕ್ಕೆ ಅಪ್ಪಣೆ ಕೊಟ್ಟ ಹಾಗಿರುತ್ತಿತ್ತು. ಹಾಗೆ ಹಾಡಿದರೆ ಕೊನೆಯ ಸ್ವರಕ್ಕೆ ನನ್ನಲ್ಲಿ ಏನೂ ಉಳಿಯುವುದಿಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು. ಇರುವ ಉಸಿರನ್ನು ಕೂಡಿಡಬೇಕು, ಬೇರೆ ದಾರಿ ಇಲ್ಲ. ಅದಕ್ಕೆ ಧ್ವನಿ ಇಳಿಸಿದೆ. ಇಳಿಸಿದೆ ಎಂದರೆ ಎಷ್ಟು ಎಂದೀರಿ, ಪಕ್ಕದ ಹಾಸಿಗೆಯಲ್ಲಿ ಮಲಗಿದವನಿಗೆ ಹೇಳುವಷ್ಟು.

*ಒಲೆ ಆರಿಸಿಲ್ಲ,
ಬಾಗಿಲ ಅಗುಳಿ ಹಾಕಿಲ್ಲ.
ನಿನ್ನ ಕಂಬಳಿ ಬೆಚ್ಚಗಿದೆ.
ತಡವಾಯಿತೆಂದು ಬೈಯುವುದಿಲ್ಲ, ಬಾ.*

ಮೇಸ್ತ್ರೊ ಕೋಲ್ಕೆ ನನ್ನನ್ನು ನುಂಗುವ ಹಾಗೆ ನೋಡಿದ. ಆಮೇಲೆ ವಿಧಿಯಿಲ್ಲದೆ ಎಡಗೈ ಕೆಳಗೆ ಮಾಡಿದ, ಪಿಟೀಲುಗಳು ತಗ್ಗಿದವು. ಎರಡನೆಯ ಸಾಲಿಗೆ ಅವರೆ ಕಡಿಯುವ ಸದ್ದು ನಿಂತಿತು. ಮೂರನೆಯದಕ್ಕೆ ಕೆಮ್ಮು ನಿಂತಿತು. ಜನ ಕುರ್ಚಿಯ ತುದಿಗೆ ಸರಿದರು. ತಗಡಿನ ಮಾಡಿನ ಮೇಲೆ ಗಾಳಿ ಓಡುವುದು ನನಗೆ ಕೇಳಿಸುತ್ತಿತ್ತು. ಆ ಥಿಯೇಟರಿನಲ್ಲಿ ಹದಿನಾಲ್ಕು ವರ್ಷ ನಿಂತವಳಿಗೆ ಅದು ಹೊಸ ಸದ್ದು. ‘ಬಾ’ ಎಂಬುದನ್ನು ಬರೀ ತುಟಿಯಿಂದ ಹೇಳಿ, ಉಸಿರೆಳೆದುಕೊಂಡು, ಸ್ವರ ಹಿಡಿದೆ.

ವಾಯ್ರಾ.

ಆಗ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಎಂದು. ನಾನು ಉಸಿರೆಳೆಯುವಾಗ ಇಡೀ ಸಭೆ ಸರ್ರೆಂದು ಉಸಿರೆಳೆಯಬೇಕಿತ್ತು. ಆ ಸದ್ದೇ ಬರಲಿಲ್ಲ. ಜನ ಮರೆತಿದ್ದರು. ನನ್ನ ಸಣ್ಣ ದನಿ ಕೇಳಿಸಿಕೊಳ್ಳುವ ಆತುರದಲ್ಲಿ, ಪದ್ಯ ಶುರುವಾದಾಗಿನಿಂದಲೇ ಯಾರೂ ಉಸಿರಾಡಿರಲಿಲ್ಲ. ಈಗ ಸ್ಪರ್ಧೆ ಶುರುವಾಗುವ ಹೊತ್ತಿಗೆ ಅವರ ಎದೆಯಲ್ಲಿ ಗಾಳಿಯೇ ಇಲ್ಲ. ನನಗೆ ಹಾಡುತ್ತಲೇ ನಗು ಉಕ್ಕಿತು, ಹಲ್ಲು ಕಚ್ಚಲೂ ಆಗದು, ಬಾಯಿ ‘ಆ’ ಎಂದು ತೆರೆದಿದೆ.

ಮೊದಲು ಕೆಳಗಿನ ಕುರ್ಚಿಗಳ ದೊಡ್ಡ ಮನುಷ್ಯರು ಸೋತರು. ಪುಸ್ಸೆಂದು ಒಬ್ಬ, ಆಮೇಲೆ ಸಾಲಿಗೆ ಸಾಲು. ಬಾಲ್ಕನಿ ಹೋಯಿತು. ಗ್ಯಾಲರಿಯ ಬೆಂಚುಗಳು ಒಂದೊಂದಾಗಿ ಕುಸಿದವು. ಮಕಾರಿಯೊ ಮಾತ್ರ ಕೆನ್ನೆ ಊದಿಸಿಕೊಂಡು, ಬದನೆಕಾಯಿ ಬಣ್ಣಕ್ಕೆ ತಿರುಗಿ, ಗ್ಯಾಲರಿಯ ಕಟಾಂಜನ ಹಿಡಿದು ತಡೆದ. ಕೊನೆಗೆ ಅವನ ಬಾಯಿಂದ ಟ್ಯೂಬಾದಂಥದ್ದೇ ಒಂದು ಸದ್ದು ಹೊರಟಿತು. ಅವನು ಬಿಟ್ಟುಕೊಡಲಿಲ್ಲ, ಸೋತ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ಕಂಡೆ.

ಉಳಿದವಳು ಎನ್ಕಾರ್ನಾ. ತುಟಿ ಬಿಗಿದು, ಕಣ್ಣು ನನ್ನ ಮೇಲೆ ನೆಟ್ಟು ಕೂತಿದ್ದಳು. ನನ್ನ ಕಣ್ಣ ಮುಂದೆ ಮಿಣುಕು ಹುಳು. ಇಡೀ ಸಭೆ ಅವಳತ್ತ ತಿರುಗಿತು. ಇಬ್ಬರೇ ನಾವು, ಅವಳ ಬಾಯಿ ಮುಚ್ಚಿದೆ, ನನ್ನದು ತೆರೆದಿದೆ. ಇನ್ನು ಸತ್ತರೂ ಸರಿ ಎಂದುಕೊಂಡೆ, ಇವಳಿಗಿಂತ ಮೊದಲು ಮುಚ್ಚುವುದಿಲ್ಲ. ಆಗ ಅವಳ ಭುಜ ಕುಸಿಯಿತು, ಬಾಯಿ ತೆರೆಯಿತು. ನಾನು ಇನ್ನೂ ಒಂದಿಷ್ಟು ಎಳೆದೆ. ಬೇಕೆಂದೇ ಎಳೆದೆ, ಹದಿನಾಲ್ಕು ವರ್ಷದ ದೀಪಗಳ ಲೆಕ್ಕಕ್ಕೆ.

ಟೋಪಿಗಳು ಬಿದ್ದವು ನೋಡಿ. ಉಣ್ಣೆಯ ಟೋಪಿ, ಹೆಂಗಸರ ದುಂಡು ಟೋಪಿ, ಯಾರದೋ ಮಫ್ಲರು, ಒಂದು ಕೈಗವಸು. ಮೇಸ್ತ್ರೊನ ಬೋಳುತಲೆಯ ಮೇಲೂ ಒಂದು ಬಿತ್ತು. ನಮ್ಮ ಮಿನಿಬಸ್ ನಾಯಕ ಸತ್ತ ಗಂಡನಾಗಿದ್ದವನು ಓಡಿಬಂದು ನನ್ನನ್ನು ಎತ್ತಿ ಸುತ್ತಿಸಿದ. ನಾನು ಅತ್ತೆ, ನಕ್ಕೆ, ನಿಲ್ಲಲಾಗದೆ ಟೋಪಿಗಳ ರಾಶಿಯ ಮೇಲೇ ಕೂತೆ. ಇಷ್ಟು ಸಂತೋಷ ಒಬ್ಬಳಿಗೇ ಒಮ್ಮೆಲೇ ಸಿಕ್ಕರೆ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

“ಈ ಸೀಸನ್ ಪೂರ್ತಿ ನೀನೇ,” ಎಂದ ಮೇಸ್ತ್ರೊ, ಬಣ್ಣದ ಕೋಣೆಗೆ ಬಂದು. “ಮುಂದಿನದೂ ನೀನೇ. ಪುನೊದವಳಿಗೆ ಬರೋದು ಬೇಡ ಅಂತ ಹೇಳಿಬಿಡ್ತೀನಿ. ಆದ್ರೆ ಆ ಪದ್ಯ ಹಾಗೆ ಹಾಡ್ತೀನಿ ಅಂತ ನಂಗೆ ಮೊದಲೇ ಹೇಳಬಾರದಿತ್ತಾ?”

“ನಂಗೇ ಗೊತ್ತಿರ್ಲಿಲ್ಲ, ಮೇಸ್ತ್ರೊ.”

ಅವನು ಹೋದ ಮೇಲೆ ಬಾಗಿಲಲ್ಲಿ ಎನ್ಕಾರ್ನಾ ನಿಂತಿದ್ದಳು. ಕಂಪನಿಯ ಒಳಬಾಗಿಲು ದಾಟಿ ಅವಳು ಬಂದದ್ದು ಒಂದು ವರ್ಷದ ಮೇಲೆ. ಗ್ಯಾಲರಿಯ ಮೆಟ್ಟಿಲು ಇಳಿದು ಏದುಸಿರು ಬಿಡುತ್ತಿದ್ದಳು. ನಾನು ಎದ್ದು ನಿಂತೆ, ಜಗಳಕ್ಕೆ ಮೈಯೆಲ್ಲ ಸಜ್ಜು ಮಾಡಿಕೊಂಡೆ.

“ಮೋಸ ಮಾಡ್ದೆ ನೀನು,” ಎಂದಳು.

“ಏನು ಮೋಸ, ಡೋನ್ಯಾ ಎನ್ಕಾರ್ನಾ?”

“ಸ್ವರಕ್ಕೆ ಬರೋ ಮುಂಚೇನೇ ನನ್ನ ಉಸಿರು ಕಿತ್ಕೊಂಡೆ. ಆಮೇಲೆ ನಾನು ಹಿಡಿದಿದ್ದು ಬರೀ ಹಟ, ಉಸಿರಲ್ಲ.” ಶಾಲಿನ ತುದಿಯಿಂದ ಮುಖ ಒರೆಸಿಕೊಂಡಳು. “ಇಪ್ಪತ್ತು ವರ್ಷ ಆ ಪದ್ಯ ನಾನೇ ಹಾಡಿದೀನಿ. ಅದನ್ನ ಯಾವಾಗ ಮುಗಿಸ್ತೀನೋ, ಸ್ವರ ಯಾವಾಗ ಹಿಡೀತೀನೋ ಅಂತಷ್ಟೇ ನನ್ನ ಧ್ಯಾನ. ಅದರಲ್ಲಿ ‘ಬೈಯುವುದಿಲ್ಲ’ ಅಂತ ಒಂದು ಮಾತಿದೆ ಅಂತ ಇವತ್ತು ಗೊತ್ತಾಯ್ತು ನಂಗೆ. ನನ್ನ ಗಂಡ ಪಾಳಿ ಮುಗಿಸಿ ತಡವಾಗಿ ಬಂದ ದಿನ ಎಲ್ಲ ನಾನು ಬೈದಿದ್ದೇ ಬೈದಿದ್ದು.”

ನಾನು ಕುರ್ಚಿಯ ಮೇಲಿದ್ದ ಗೌನು ತೆಗೆದು ಜಾಗ ಮಾಡಿಕೊಟ್ಟೆ. ಅವಳು ಕೂತಳು, ಬೂಟಿನ ದಾರ ಸಡಿಲಿಸಿಕೊಂಡಳು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

“ಬಾಗಿಲು ಹಾಕು, ಮಗಳೇ,” ಎಂದಳು. “ಇನ್ನೊಂದು ಸಲ ಹಾಡು. ಈ ಸಲ ಉಸಿರಾಡ್ತಾ ಕೇಳ್ತೀನಿ.”